ಸೇತುವೆ ಕಾಯುವವನು ಬೀಳಲು ಕಲಿತದ್ದು

ಫ್ರೀಸ್‌ಲ್ಯಾಂಡಿನ ಕಾಲುವೆಯೊಂದರ ಮೇಲೆ
ಮೂವತ್ತೊಂಬತ್ತು ವರ್ಷ ಸೇತುವೆ ಎತ್ತಿದೆ, ಇಳಿಸಿದೆ.
ದೋಣಿಯವರ ಸುಂಕಕ್ಕೆ
ಗಾಳದ ಕೋಲಿನ ತುದಿಗೆ ಮರದ ಪಾದುಕೆ ಕಟ್ಟಿ ಇಳಿಬಿಡುತ್ತಿದ್ದೆ.
ಒಂದು ನಾಣ್ಯವೂ ನೀರಿಗೆ ಬೀಳಲಿಲ್ಲ.
ಬಿದ್ದವನು ನಾನು,
ನವೆಂಬರಿನಲ್ಲಿ, ಬಚ್ಚಲಿನ ಹೊಸ್ತಿಲಲ್ಲಿ,
ಒಂದು ಟವೆಲಿನ ಸಲುವಾಗಿ.

ಮೂಳೆ ಮುರಿಯಲಿಲ್ಲ.
ಆದರೆ ಅಂದಿನಿಂದ
ಕುರ್ಚಿಯಿಂದ ಮೇಜಿಗೆ, ಮೇಜಿನಿಂದ ಕಪಾಟಿಗೆ
ಕೈ ದಾಟಿಸುತ್ತಲೇ ನಡೆದೆ.
ಮೊದಲು ಕೋಳಿಗೂಡಿಗೆ ಹೋಗುವುದು ಬಿಟ್ಟೆ,
ಆಮೇಲೆ ಅಂಚೆಪೆಟ್ಟಿಗೆಗೆ,
ಆಮೇಲೆ ಕಿಟಕಿಯ ತನಕವೂ.
ಬೀಳದಿರಲೆಂದು ಕೂತೆ.
ಕೂತಷ್ಟೂ ಕಾಲು ಹತ್ತಿಯಾಯಿತು,
ಕಾಲು ಹತ್ತಿಯಾದಷ್ಟೂ ಹೆದರಿಕೆ ಮೈ ತುಂಬಿಕೊಂಡಿತು.

ಡಾಕ್ಟರು ಚೀಟಿ ಬರೆದರು. ಔಷಧಿಯದಲ್ಲ.
ಮಂಗಳವಾರ, ಹತ್ತು ಗಂಟೆ, ಶಾಲೆಯ ಹಿಂದಿನ ವ್ಯಾಯಾಮಶಾಲೆ.

ಕಲಿಸುವವಳು ಹಿಸ್ಕೆ, ಮೂವತ್ತೂ ದಾಟಿಲ್ಲ.
"ಕೈ ಊರದೆ ಎದ್ದು ನಿಲ್ಲಿ."
ಕುರ್ಚಿಯಿಂದ ಏಳುವುದು ಇಷ್ಟು ದೊಡ್ಡ ಕೆಲಸವೆಂದು
ಎಂಬತ್ತೆರಡರ ತನಕ ನನಗೆ ಯಾರೂ ಹೇಳಿರಲಿಲ್ಲ.
ಹೆಬ್ಬೆರಳಿಗೆ ಹಿಮ್ಮಡಿ ತಾಗಿಸಿ ಗೆರೆಯ ಮೇಲೆ ನಡಿಗೆ.
ಆಮೇಲೆ ಒಂಟಿಕಾಲು:
ಕೊಕ್ಕರೆಗೆ ಇಡೀ ಬೆಳಗು, ನನಗೆ ನಾಲ್ಕು ಸೆಕೆಂಡು.
ನೂರರಿಂದ ಏಳೇಳು ಕಳೆಯುತ್ತ ನಡೆಯಿರಿ ಎಂದಳು.
ತೊಂಬತ್ತಮೂರು, ಎಂಬತ್ತಾರು,
ಎಪ್ಪತ್ತೊಂಬತ್ತಕ್ಕೆ ನನ್ನ ಕಾಲು ನಿಂತೇ ಬಿಟ್ಟಿತು.
ಡೇರಿಯಲ್ಲಿ ಲೆಕ್ಕ ಬರೆದ ಸಿಟ್ಸ್ಕೆ
ಒಂದೂ ತಪ್ಪದೆ ಎರಡರ ತನಕ ಇಳಿದು
ಗೋಡೆಗೆ ಢಿಕ್ಕಿ ಹೊಡೆದಳು.

ಐದನೆಯ ವಾರ ನೀಲಿ ಚಾಪೆ ಹಾಸಿದಳು.
"ಇವತ್ತು ಬೀಳೋಣ",
ಕಾಫಿ ಕುಡಿಯೋಣ ಅನ್ನುವ ಹಾಗೆ.
ಗದ್ದ ಎದೆಗೆ. ಕೈ ಚಾಚಬೇಡಿ, ಮಣಿಕಟ್ಟು ಹೋಗುತ್ತದೆ.
ಮಂಡಿ ಮಡಚಿ, ಪಕ್ಕಕ್ಕೆ, ತೊಡೆ, ಸೊಂಟದ ಹಿಂದು, ಹೆಗಲು,
ಆಲೂಗಡ್ಡೆಯ ಮೂಟೆ ಉರುಳಿದ ಹಾಗೆ.
"ಸೆಟೆದುಕೊಂಡರೆ ಪೆಟ್ಟು ಜಾಸ್ತಿ."

ಉಳಿದವರೆಲ್ಲ ಉರುಳಿದರು. ನಾನು ನಿಂತೇ ಇದ್ದೆ.

ಆರು ವರ್ಷದವನಿದ್ದಾಗ ಅವ್ವ
ಅಡುಗೆಮನೆಯ ಕುರ್ಚಿಯನ್ನೇ ಹೆಪ್ಪುಗಟ್ಟಿದ ಕಾಲುವೆಗೆ ಇಳಿಸಿಕೊಟ್ಟಿದ್ದಳು.
ಅದನ್ನು ತಳ್ಳುತ್ತಲೇ ಸ್ಕೇಟಿಂಗ್ ಕಲಿತೆ.
ಮೂರನೆಯ ದಿನ ಕುರ್ಚಿ ಬಿಟ್ಟೆ.
ಆ ದಿನ ಎಷ್ಟು ಸಲ ಬಿದ್ದೆನೋ,
ಲೆಕ್ಕ ಇಟ್ಟವರಿಲ್ಲ. ಚಡ್ಡಿ ಒದ್ದೆಯಾಗಿದ್ದಕ್ಕೆ ಬೈಗುಳ ಬಿತ್ತು, ಅಷ್ಟೆ.

ಹಿಮ ಬೀಳುತ್ತದೆ, ಬೆಳಕು ಬೀಳುತ್ತದೆ,
ರಾತ್ರಿ ಕನಸು ಬೀಳುತ್ತದೆ,
ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ.

ಬಿದ್ದೆ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ;
ನನಗೆ ಮೀಸೆಯಿಲ್ಲ, ಅಲ್ಲಿ ಮಣ್ಣೂ ಇರಲಿಲ್ಲ.
ಕೆನ್ನೆಗೆ ರಬ್ಬರಿನ ವಾಸನೆ,
ಕಿವಿಗೆ ಹತ್ತು ಮುದುಕರ ಚಪ್ಪಾಳೆ.
"ಅರ್ಧ ಆಯಿತು. ಈಗ ಏಳಿ", ಎಂದಳು ಹಿಸ್ಕೆ.
ಮಗ್ಗುಲಾದೆ, ಮಂಡಿಯೂರಿದೆ, ಕುರ್ಚಿಯ ತನಕ ಅಂಬೆಗಾಲು.
ಎದ್ದಾಗ ಗಡಿಯಾರ ನೋಡಿದೆ: ಎರಡೂವರೆ ನಿಮಿಷ.

ಎಂಟನೆಯ ವಾರ ಹೆಸ್ಸೆಲ್ ಬರಲಿಲ್ಲ.
ತನ್ನದೇ ಅಂಗಳದಲ್ಲಿ ಬಿದ್ದು ಸೊಂಟ ಮುರಿದಿತ್ತು,
ನಮ್ಮೆಲ್ಲರಿಗಿಂತ ಚೆನ್ನಾಗಿ ಉರುಳುತ್ತಿದ್ದವನು.
ಹಿಸ್ಕೆ ಸಮಾಧಾನದ ಮಾತು ಹೇಳಲಿಲ್ಲ.
ಅವನ ಕುರ್ಚಿಯನ್ನು ಸಾಲಿನಲ್ಲೇ ಬಿಟ್ಟು
"ಕೈ ಊರದೆ", ಎಂದಳು.
ಎಲ್ಲರೂ ಎದ್ದೆವು.

ಈಗ ಹಲ್ಲುಜ್ಜುವುದು ಒಂಟಿಕಾಲಲ್ಲಿ,
ಬೇಸಿನ್ನಿಗೆ ಒಂದು ಬೆರಳು ತಾಗಿಸಿ:
ಎಡಕ್ಕೆ ಹನ್ನೊಂದು ಸೆಕೆಂಡು, ಬಲ ಇನ್ನೂ ಮೊಂಡ.
ಬಚ್ಚಲಿನಲ್ಲಿ ಗೋಡೆಗೆ ಹಿಡಿ ಬಂದಿದೆ.
ಹಜಾರದ ಜಮಖಾನೆ ಸುತ್ತಿ ಅಟ್ಟಕ್ಕೆ ಹೋಗಿದೆ.
ಹೆದರಿಕೆ ಮಾತ್ರ ಎಲ್ಲಿಗೂ ಹೋಗಿಲ್ಲ,
ಬೆಳಿಗ್ಗೆ ಬೂಟು ಹಾಕುವಾಗ
ಪಕ್ಕದಲ್ಲೇ ಕೂತು ತಾನೂ ಲೇಸು ಕಟ್ಟುತ್ತದೆ.

ಹಿತ್ತಲಲ್ಲಿ ಇಬ್ಬನಿ ಗಟ್ಟಿಯಾಗಿದೆ.
ನೂರು, ತೊಂಬತ್ತಮೂರು, ಎಂಬತ್ತಾರು,
ಎಪ್ಪತ್ತೊಂಬತ್ತನ್ನೂ ದಾಟಿ
ಮೂವತ್ತಕ್ಕೆ ಕೋಳಿಗೂಡಿನ ಬಾಗಿಲು.

ಮೊಟ್ಟೆ ನಾಲ್ಕು, ಇನ್ನೂ ಬೆಚ್ಚಗಿವೆ.
ಬುಟ್ಟಿ ತರಲು ಮರೆತೆ.
ವಾಪಸು ಬರುವಾಗ ಎರಡೂ ಕೈ ತುಂಬಿವೆ,
ಏನನ್ನೂ ಹಿಡಿಯುವಂತಿಲ್ಲ.