ನಾಲ್ಕು ಬೆರಳಗಲದ ಗೆರೆ

ಶನಿವಾರ ಮಧ್ಯಾಹ್ನ ಮೂರು ಗಂಟೆ.
ನನ್ನ ಬೆನ್ನಿಗೆ ಮೈದಾನ, ಎದುರಿಗೆ ಮೆಟ್ಟಿಲು.
ಹದಿನೇಳು ವರ್ಷದಿಂದ ಇದೇ ಕೆಲಸ,
ಒಂದು ಗೋಲನ್ನೂ ನೆಟ್ಟಗೆ ಕಂಡವಳಲ್ಲ.
ಕಂಡದ್ದು ಮುಖಗಳನ್ನು.
ಚೆಂಡು ಎಲ್ಲಿದೆಯೆಂದು ಮುಖ ನೋಡಿಯೇ ಹೇಳಬಲ್ಲೆ.

ಕಾಲ ಬುಡದಲ್ಲಿ ಹಳದಿ ಗೆರೆ.
ಆಚೆ, ಕಾಂಕ್ರೀಟಿನ ಹೊಟ್ಟೆಯೊಳಗೆ, ಬಿಯರು.
ಈಚೆ ಹುಲ್ಲು, ದೀಪ, ಇಪ್ಪತ್ತೆರಡು ಜನ.
ಕುಡಿಯಬಹುದು, ಆಟ ಕಾಣಬಾರದು;
ಆಟ ಕಾಣಬಹುದು, ಕುಡಿಯಬಾರದು.
ಕಾನೂನು ಇಷ್ಟೇ. ಬರೆದವರು ಯಾರೋ
ಲಂಡನ್ನಿನಲ್ಲಿ ಕೂತು. ಕಾಯುವವಳು
ಲ್ಯಾಂಕಷೈರಿನ ಈ ಚಳಿಯಲ್ಲಿ ನಿಂತ
ಗ್ಲೆನಿಸ್ ಥ್ರೆಲ್ಫಾಲ್, ಮಂಡಿನೋವಿನವಳು,
ಗಂಟೆ ಲೆಕ್ಕದ ಕೂಲಿಯವಳು.

"ಒಂದೇ ಗುಟುಕು ಉಳಿದಿದೆ, ಗ್ಲೆನ್,"
ಮಾಂಸದಂಗಡಿಯ ಬಾರ್ನಬಿ ಅಂಗಲಾಚುತ್ತಾನೆ,
ಲೋಟವನ್ನು ಎಳೆಕೂಸಿನಂತೆ ಎದೆಗವಚಿಕೊಂಡು.
ಒಂದೇ ಗುಟುಕಾದರೆ ನುಂಗಿ ಬಾ, ಮಾರಾಯ.
ನುಂಗುತ್ತಾನೆ. ಗಂಟಲ ಗಂಟು
ರಾಟೆಯ ಹಾಗೆ ಏರಿ, ಇಳಿದು, ಏರಿ.
ಮೆಲ್ಲಗೆ ಹೀರಿದರೆ ಒಂದು ಗಂಟೆ ಬಾಳುವ ಲೋಟ
ನನ್ನ ಕಣ್ಣೆದುರು ಒಂಬತ್ತು ಸೆಕೆಂಡಿನಲ್ಲಿ ಬರಿದು.
ಇದರಿಂದ ಯಾರಿಗೆ ಏನು ಒಳ್ಳೆಯದಾಯಿತೋ
ಅವನ ಲಿವರನ್ನೇ ಕೇಳಬೇಕು.

ನಲವತ್ತನೇ ನಿಮಿಷಕ್ಕೇ ಎದ್ದು ಬಂದು ಸಾಲು ಹಿಡಿದವರು
ನಲವತ್ತಮೂರನೆಯದರ ಗೋಲನ್ನು ಕಿವಿಯಿಂದ ನೋಡುತ್ತಾರೆ.
ಸೂರು ಗುಡುಗುತ್ತದೆ,
ಕೌಂಟರಿನ ಸಾಸಿವೆ ಬಾಟಲಿ ನಡುಗುತ್ತದೆ.
"ನಮ್ಮದಾ? ಅವರದಾ?"
ಎಲ್ಲರೂ ನನ್ನತ್ತ ತಿರುಗುತ್ತಾರೆ.
ನನ್ನನ್ನೇನು ಕೇಳುತ್ತೀರಿ,
ನಾನೂ ನಿಮ್ಮ ಕಡೆಗೇ ಮುಖ ಮಾಡಿದವಳು.

ಮೇಲೆ ಗಾಜಿನ ಕೋಣೆಯಲ್ಲಿ ಕಂಪನಿಯ ಅತಿಥಿಗಳು.
ಅವರಿಗೂ ಇದೇ ನಿಯಮ, ಆದರೆ
ಅವರದಕ್ಕೆ ಪರದೆ ಇದೆ, ವೆಲ್ವೆಟ್ಟಿನದು.
ನಮ್ಮದಕ್ಕೆ ನಾನಿದ್ದೇನೆ.

ಒಂದು ಕಾಲಕ್ಕೆ ಇಲ್ಲಿ ಬಾಟಲಿ ಹಾರುತ್ತಿದ್ದವಂತೆ.
ಅಂತೆ ಏನು, ನನ್ನಣ್ಣನ ಹುಬ್ಬಿನ ಮೇಲೇ ಇದೆ ಗುರುತು.
ಎಸೆದವನು ಅವತ್ತು ಒಂದು ತೊಟ್ಟೂ ಕುಡಿದಿರಲಿಲ್ಲ,
ಅದು ಅವನ ಸಹಜ ಗುಣ, ಎನ್ನುತ್ತಾನೆ ಅಣ್ಣ.

ಇನ್ನು ಭಾನುವಾರ.
ಅದೇ ಮೈದಾನ, ಅದೇ ಕುರ್ಚಿ, ಅದೇ ಬಾರ್ನಬಿ,
ಆಟ ಮಾತ್ರ ರಗ್ಬಿ. ರಗ್ಬಿಗೆ ಈ ಕಾನೂನಿಲ್ಲ.
ಎರಡೂ ಕೈಯಲ್ಲಿ ಲೋಟ ಹಿಡಿದು
ನನ್ನ ಗೆರೆಯನ್ನು ದಾಟುತ್ತಾನೆ ಬಾರ್ನಬಿ,
ದಾಟುವಾಗ ಕಣ್ಣು ಮಿಟುಕಿಸುತ್ತಾನೆ.
ನಿನ್ನೆ ಪುಂಡ, ಇವತ್ತು ಸಂಭಾವಿತ;
ನಡುವೆ ಒಂದು ರಾತ್ರಿಯ ನಿದ್ದೆ.

ನಗು ಬರುತ್ತದೆ ನನಗೂ.
ಆದರೆ ವಿಲ್ಫ್ ಬರುವುದಿಲ್ಲ ಭಾನುವಾರ.
ಹರೆಯದಲ್ಲಿ ರಗ್ಬಿ ಆಡಿದವನು ವಿಲ್ಫ್,
ಡೊಂಕು ಮೂಗೇ ಸಾಕ್ಷಿ.
"ಈ ಫುಟ್‌ಬಾಲು ನನಗೆ ಅರ್ಥವೇ ಆಗದು, ಗ್ಲೆನ್,
ಆದರೂ ಬರುತ್ತೇನೆ.
ನಿಮ್ಮ ಶನಿವಾರ ಒಣಗಿರುತ್ತದೆ."
ಕೆಳಗಿನ ಅಂಗಡಿಯನ್ನು ಉಸಿರು ಬಿಗಿಹಿಡಿದು ಹಾದು,
ಗೆರೆ ದಾಟಿದ ಮೇಲೆ ಉಸಿರು ಬಿಡುತ್ತಾನೆ.
ಹನ್ನೊಂದು ವರ್ಷ, ನಾಲ್ಕು ತಿಂಗಳು:
ಲೆಕ್ಕ ಇಡುವವನು ಅವನು, ಕೇಳುವವಳು ನಾನು.

ಬಿಡಬೇಕೋ ಬಿಡಬಾರದೋ ಎಂದು
ಮೊನ್ನೆ ಫಾರಂ ಹಿಡಿದು ಬಂದ ಹುಡುಗಿ ಕೇಳಿದಳು.
ಹೌದು ಅನ್ನಲು ಒಂದು ಚೌಕ, ಇಲ್ಲ ಅನ್ನಲು ಒಂದು.
ಬಾರ್ನಬಿಯನ್ನು ನೆನೆದು ಪೆನ್ನು ಇತ್ತ ತಂದೆ,
ವಿಲ್ಫನನ್ನು ನೆನೆದು ಅತ್ತ.
ಕೊನೆಗೆ ವಯಸ್ಸು ಮಾತ್ರ ತುಂಬಿ ಕೊಟ್ಟೆ.

ಜುಲೈನಲ್ಲಿ ಆಟವಿಲ್ಲ. ಖಾಲಿ ಮೆಟ್ಟಿಲ ಮೇಲೆ
ಹುಲ್ಲು ಕಾಯುವ ಎನೋಕ್ ಗೆರೆಗೆ ಹೊಸ ಬಣ್ಣ ಬಳಿದ.
ಸೆಕೆಗೆ ಒಂದು ಬಿಯರ್ ಡಬ್ಬಿ ಜೊತೆಗಿಟ್ಟುಕೊಂಡಿದ್ದ.
ಎಲ್ಲಿಡಲಿ ಎಂದು ಅತ್ತಿತ್ತ ನೋಡಿ
ಮರೆವಿನಲ್ಲಿ ಹಸಿ ಬಣ್ಣದ ಮೇಲೇ ಇಟ್ಟ.

ಗೆರೆಯ ನಡುವೆ ಈಗೊಂದು ದುಂಡನೆ ಗುರುತು.
ಈ ಸಲದ ಆಟಗಳಿಗೆಲ್ಲ
ಅದರ ಮೇಲೆ ಎಡಗಾಲಿಟ್ಟು ನಿಲ್ಲುತ್ತೇನೆ.