ಷರಾ

ನನ್ನ ಕೆಲಸ ಹಳೇ ಕಾರುಗಳಿಗೆ ಬೆಲೆ ಕಟ್ಟುವುದು.
ಬ್ಯಾಗಿನಲ್ಲಿ ಒಂದು ಟಾರ್ಚು, ಪೇಂಟಿನ ದಪ್ಪ ಅಳೆಯುವ ಮೀಟರು,
ಮೊಣಕಾಲಿಗೆ ಹಾಸಿಕೊಳ್ಳಲು ಒಂದು ಗೋಣಿ.
ಮುಖ ನೋಡಿ ಮಣೆ ಹಾಕುವ ಊರಲ್ಲಿ
ನಾನು ಮೊದಲು ನೋಡುವುದು ಹೊಟ್ಟೆಯ ಕೆಳಗೆ.

ಬುಧವಾರ ಬೆಳಿಗ್ಗೆ ಸದಾಶಿವನಗರ.
ಗೇಟಿನೊಳಗೆ ಕಪ್ಪು ಜರ್ಮನ್ ಕಾರು, ಎಂಟು ವರ್ಷ,
ಓಡಿದ್ದು ಮೂವತ್ತೊಂದು ಸಾವಿರ ಮಾತ್ರ.
ಬಾಗಿಲು ಮುಚ್ಚಿದರೆ ಸದ್ದಾಗುವುದಿಲ್ಲ,
ದೊಡ್ಡವರು ಮಾತು ನಿಲ್ಲಿಸಿದ ಹಾಗೆ ಸುಮ್ಮನಾಗುತ್ತದೆ.
ಕಸದ ಗಾಡಿಯ ಹಾಡು, ಬೋರ್‌ವೆಲ್ ಲಾರಿ, ಯಾರದೋ ಜಗಳ
ಎಲ್ಲ ಗಾಜಿನ ಆಚೆ.
ಚೆಕ್ ಮಾಡಲು ಎರಡು ನಿಮಿಷ ಸಾಕಿತ್ತು.
ಹತ್ತು ನಿಮಿಷ ಕೂತೆ. ಅದನ್ನು ಫಾರ್ಮಿನಲ್ಲಿ ಬರೆಯಲಿಲ್ಲ.

"ಒಂದು ದಿನಾನೂ ದಾರೀಲಿ ಕೈಕೊಟ್ಟಿಲ್ಲ"
ಅಂದರು ಮಾಲೀಕರು, ಪ್ರಭಂಜನ ಅರಸ್.
ನಿಜ ಇರಬಹುದು. ಪಕ್ಕದಲ್ಲೇ ಇನ್ನೆರಡು ಕಾರು ನಿಂತಿದ್ದವು.
ದಾರಿಗೆ ಇಳಿಯುವುದೇ ಅಪರೂಪವಾದರೆ
ದಾರಿಯಲ್ಲಿ ಕೈಕೊಡುವುದು ಯಾವಾಗ?
ಡ್ಯಾಶ್‌ಬೋರ್ಡಿನಲ್ಲಿ ಮೂರು ಹಳದಿ ದೀಪ,
ತಿಂಗಳು ತಪ್ಪಿ ಬಂದ ದೀಪಾವಳಿಯಂತೆ.
ಸರ್ವಿಸ್ ಫೈಲು ಕೈಗೆ ಭಾರ:
ಗಾಳಿ ಸಸ್ಪೆನ್ಷನ್ನು ಎರಡು ಸಲ, ಗೇರಿನ ಕಂಪ್ಯೂಟರು,
ಒಂದು ಬಿಡಿಭಾಗಕ್ಕೆ ನಲವತ್ತು ದಿನ ಕಾದದ್ದು.
ಸತ್ತ ಆನೆಗೂ ಸಾವಿರ ಅಂತಾರೆ;
ಈ ಆನೆಗೆ ಒಂದು ಕಣ್ಣು ಹಾಕಿಸಲು ಎರಡು ಲಕ್ಷ.

ಅರವತ್ತೆಂಟಕ್ಕೆ ಕೊಂಡದ್ದು. ಹದಿನಾರು ಅಂದೆ.
ಅರಸರು ನಲ್ಲಿಯಿಲ್ಲದೆ ಕೈ ತೊಳೆಯುವವರ ಹಾಗೆ
ಎರಡೂ ಅಂಗೈ ಉಜ್ಜಿಕೊಂಡರು.
ಒಳಗಿನಿಂದ ಅವರ ಹೆಂಡತಿ: "ಎಷ್ಟಂತೆ?"
ಅವರು ನನಗೆ ಇನ್ನೊಂದು ಕಾಫಿ ತರಿಸಿದರು.

ಮಧ್ಯಾಹ್ನ ಕಾಮಾಕ್ಷಿಪಾಳ್ಯ.
ಲೇತ್ ಮಿಷನ್ನುಗಳ ಬೀದಿ, ನೆಲದ ತುಂಬ ಕಬ್ಬಿಣದ ಸುರುಳಿ.
ಪಂಕಜಾಕ್ಷಮ್ಮನ ಬಿಳಿ ಮಾರುತಿ
(ಬಿಳಿ ಅನ್ನುವುದು ಆರ್.ಸಿ. ಪುಸ್ತಕದ ಮಾತು)
ಎರಡು ಲಕ್ಷ ಹದಿನೇಳು ಸಾವಿರ ಕಿಲೋಮೀಟರು.
ಹಿಂದಿನ ಸೀಟು ಇಲ್ಲ. ಅಲ್ಲಿ ಇಡ್ಲಿ ಪಾತ್ರೆ,
ಉಳಿದ ಬೆಲ್ಟಿನಲ್ಲಿ ಬಿಗಿದ ಸಾಂಬಾರಿನ ಕ್ಯಾನು.
ಬೆಳಗಿನ ಐದೂವರೆಗೆ ಪೀಣ್ಯ, ಮೂರು ಫ್ಯಾಕ್ಟರಿ, ಹನ್ನೆರಡು ವರ್ಷ.
ಬಾಗಿಲು ತಗಡಿನ ಡಬ್ಬ, ಎರಡು ಸಲ ಹಾಕಬೇಕು.
ಬಾನೆಟ್ಟು ಎತ್ತಿದೆ: ರಬ್ಬರ್ ಬ್ಯಾಂಡು, ಎಂ-ಸೀಲು,
ಆಯುಧಪೂಜೆಯ ಒಣಗಿದ ಕುಂಕುಮ.
ಜರ್ಮನ್ ಕಾರಿಗೂ ಹಚ್ಚಿದ್ದರು.
ಚಕ್ರಕ್ಕೆ ಇಟ್ಟ ನಿಂಬೆಹಣ್ಣಿನ ರೇಟು ಮಾತ್ರ ಇಬ್ಬರಿಗೂ ಒಂದೇ.

ಕೀ ತಿರುಗಿಸಿದೆ. ಅರ್ಧ ಸುತ್ತಿಗೇ ಎದ್ದಿತು,
ನಿದ್ದೆಗಣ್ಣಲ್ಲೇ ಒಲೆ ಹಚ್ಚುವವರ ಹಾಗೆ.

"ಎಷ್ಟು ಸಲ ಕೈಕೊಟ್ಟಿದೆ?"
"ಬೇಕಾದಷ್ಟು" ಅಂದರು, ಹೆಮ್ಮೆಯಿಂದ.
"ಆದ್ರೆ ಕೈಕೊಟ್ಟ ಕಡೆ ಕೈ ಹಾಕೋರು ಸಿಗ್ತಾರೆ.
ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲಿ ನಿಂತೋಯ್ತು ಒಂದಿನ.
ಪಂಕ್ಚರ್ ಅಂಗಡಿ ಹುಡುಗ ವೈರು ಕಟ್ಟಿದ, ಅರವತ್ತು ರೂಪಾಯಿ.
ಇಡ್ಲಿ ಇನ್ನೂ ಆರಿರಲಿಲ್ಲ."

ನಲವತ್ತೆರಡು ಸಾವಿರ ಅಂದೆ.
ಇನ್ನೊಂದು ಸಲ ಹೇಳಿಸಿಕೊಂಡರು. "ಸರಿ. ಮಾರೋದಿಲ್ಲ."
"ಮತ್ತೆ ನನ್ನ ಕರೆಸಿದ್ದು?"
"ಅಳಿಯ ದಿನಾ ಗುಜರಿ ಗುಜರಿ ಅಂತಾನೆ.
ಬೆಲೆ ಇದೆ ಅಂತ ಒಂದು ಕಾಗದ ಬೇಕಿತ್ತು."

ಸಂಜೆ ಸುಮನಹಳ್ಳಿ ಫ್ಲೈಓವರ್ ಕೆಳಗೆ
ಸ್ಕೂಟರು ನಿಲ್ಲಿಸಿ ಫಾರ್ಮು ತುಂಬಿದೆ.
ಮೇಲೆ ಎಲ್ಲ ಕಾರೂ ನಿಂತಿದ್ದವು, ಕೋಟಿಯದೂ ಕಂತಿನದೂ,
ಒಂದೇ ಹೊಗೆ ಕುಡಿಯುತ್ತ.
ಇಂಜಿನ್: ಚೆನ್ನಾಗಿದೆ.
ಇಂಜಿನ್: ಚೆನ್ನಾಗಿದೆ.
ಷರಾ ಎಂಬ ಕೊನೆಯ ಚೌಕ ಬೆರಳಗಲ.
ಮೊದಲನೆಯದಕ್ಕೆ ಬರೆದೆ: ಒಳಗೆ ತುಂಬ ನಿಶ್ಶಬ್ದ.
ಎರಡನೆಯದಕ್ಕೆ: ಮಾಲೀಕರಿಗೆ ಕಾಗದ ಕೊಡುವುದು, ಸೀಲು ಹಾಕಿ.

ಆಮೇಲೆ ಸ್ಕೂಟರಿಗೆ ಏಳು ಕಿಕ್ಕು ಹೊಡೆದೆ.
ಇದರ ಬೆಲೆಯನ್ನು ಇದುವರೆಗೆ ಯಾರೂ ಕೇಳಿಲ್ಲ.
ಎಂಟನೆಯದಕ್ಕೆ ಬಂತು.