ಕರಿ ಗಾಜಿನ ಮೇಲೆ

ಬೀದರಿನ ದೊಡ್ಡ ದವಾಖಾನೆ, ಕೋಣೆ ಹದಿನಾಲ್ಕು.
ಮಷೀನು ಕೆಟ್ಟ ದಿನ ನಾನೇ ಎಣಿಸುತ್ತೇನೆ,
ಕಣ್ಣು ಮಸೂರಕ್ಕೆ, ಬೆರಳು ಐದು ಗುಂಡಿಗೆ:
ಟಿಕ್. ಟಿಕ್. ನೂರು ಆಗುವ ತನಕ.
ನೇರಳೆ ಬಣ್ಣ ಕುಡಿದ ಬಿಳಿಯ ಕಣಗಳು,
ಒಳಗೆ ಮೂರು ಹೋಳು, ಒಮ್ಮೊಮ್ಮೆ ನಾಲ್ಕು,
ಹುಣಸೆಕಾಯಿಯಲ್ಲಿ ಬೀಜ ಕೂತ ಹಾಗೆ.

ಇವು ಒಂದು ಹಗಲು ಬದುಕುತ್ತವೆ, ಹೆಚ್ಚೆಂದರೆ ಎರಡು.
ಕಾಲಲ್ಲಿ ಜಾಲಿಮುಳ್ಳು ಮುರಿದರೆ ಸಾಕು,
ವಾಸನೆ ಹಿಡಿದು, ನಾಳದ ಗೋಡೆ ನುಸುಳಿ
ಹೊರಬಂದು, ಹೊಲಸು ನುಂಗಿ, ಅಲ್ಲೇ ಸಾಯುತ್ತವೆ.
ಕೀವು ಎಂದು ಮೂಗು ಮುರಿದು ಒರೆಸುತ್ತೇವೆ
ಅವುಗಳ ಇಡೀ ಮೊಹಲ್ಲಾವನ್ನು, ಒಂದು ತುಣುಕು ಹತ್ತಿಯಲ್ಲಿ.

ಪಾಠದಲ್ಲಿ ಬರೆದಿತ್ತು: ದೇಹ ಒಂದು ಕೋಟೆ.
ಮಾಸ್ತರು ಕಿಟಕಿಯಾಚೆ ಬೆರಳು ತೋರಿದ್ದರು,
ಅಗೋ, ಮೂರು ಸುತ್ತಿನ ಕಂದಕ, ಕೆಂಪು ಕಲ್ಲು:
ಚರ್ಮ ಒಂದು, ಜ್ವರ ಎರಡು, ಮೂರನೆಯದು ನೆನಪು.
ಬರೆದುಕೊಂಡೆ; ಹತ್ತಕ್ಕೆ ಎಂಟು ಬಂತು.
ಈಗ ಅನಿಸುತ್ತದೆ, ಕೋಟೆಗಿಂತ ನೌಬಾದದ ಸುರಂಗವೇ ಹತ್ತಿರ:
ನೆಲದಡಿ ಸದ್ದಿಲ್ಲದೆ ಹರಿಯುವ ತಿಳಿನೀರು,
ಅಲ್ಲಲ್ಲಿ ಬಾವಿ, ಕತ್ತಿನಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ.
ಅಲ್ಲಿ ಕೂತವರು ಬಂದದ್ದನ್ನೆಲ್ಲ ಸೋಸಿ ಕೇಳುತ್ತಾರೆ:
ನೀನು ಯಾರ ಪೈಕಿ?

ಆ ಪ್ರಶ್ನೆ ನಮ್ಮ ಮನೆಯದೂ ಹೌದು.
ಅಬ್ಬಾ ಬಿದ್ರಿ ಕೆಲಸದವರು. ಅರವತ್ತೊಂದು ವರ್ಷ,
ಅದರಲ್ಲಿ ನಲವತ್ತೆಂಟು ಉಳಿ ಹಿಡಿದೇ ಕಳೆದದ್ದು.
ಹುಕ್ಕಾದ ಬುಡಕ್ಕೆ ಬೆಳ್ಳಿಯ ಎಲೆ ಕೂರಿಸಿ
ಕೋಟೆಯ ಹಳೇ ಗೋಡೆಯಡಿಯ ಮಣ್ಣು ತರುತ್ತಿದ್ದರು,
ಬಿಸಿಲು ಕಾಣದ್ದು, ಮಳೆ ಮುಟ್ಟದ್ದು.
ಚಿಟಿಕೆ ತೆಗೆದು ನಾಲಿಗೆಗಿಟ್ಟು ಕಣ್ಣು ಮುಚ್ಚಿ,
"ಹೂಂ, ಇದು ನಡೀತದ."
ನವಸಾಗರ ಬೆರೆಸಿ, ಕುದಿಸಿ, ಮುಳುಗಿಸಿದರೆ
ಜಸ್ತವೆಲ್ಲ ಇರುಳಾಗುತ್ತಿತ್ತು,
ಬೆಳ್ಳಿಯ ಎಳೆಯೊಂದೂ ಕಪ್ಪಾಗುತ್ತಿರಲಿಲ್ಲ.
"ಮಣ್ಣಿಗಿ ಗೊತ್ತದ ಬೇಟಿ,
ಯಾವುದಕ್ಕ ಕೈ ಹಚ್ಚಬೇಕು, ಯಾವುದಕ್ಕ ಹಚ್ಚಬಾರದು."

ಎದೆಮೂಳೆಯ ಹಿಂದೆಯೂ ಅಂಥದೊಂದು ಕಾರಖಾನೆ ಇದೆ.
ಕೂಸಿದ್ದಾಗ ದೊಡ್ಡದು, ಬರಬರುತ್ತ ಒಣಗುತ್ತದೆ.
ಎಳೆಯ ಕಾವಲುಗಾರರಿಗೆ ಅಲ್ಲಿ ಕಡು ಪರೀಕ್ಷೆ:
ಮನೆಯವರನ್ನು ಗುರುತಿಸು, ಹೊಡೆಯಬೇಡ.
ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ನಪಾಸು;
ಅಲ್ಲೇ ಕರಗಿಹೋಗುತ್ತಾರೆ, ತಕರಾರಿಲ್ಲದೆ.
ಯಾರೋ ಒಬ್ಬ ತಪ್ಪಿಸಿಕೊಂಡಿರಬೇಕು.

ಹೋದ ಚಳಿಗಾಲ ಒಂದು ಬೆಳಿಗ್ಗೆ ಅಬ್ಬಾ
ಚಹಾದ ಬಸಿ ಎತ್ತಲಾಗದೆ ಕೂತಿದ್ದರು.
ಗೆಣ್ಣುಗಳು ಸುಟ್ಟ ಉಳ್ಳಾಗಡ್ಡಿಯಂತೆ ಊದಿದ್ದವು.
ಥಂಡಿ ಎಂದರು. ಅಮ್ಮಿ ಎಳ್ಳೆಣ್ಣೆ ಕಾಸಿದಳು.
ರಕ್ತ ನಾನೇ ತೆಗೆದೆ.

ಕರಿ ಗಾಜಿನ ಮೇಲೆ ಒಂದು ಹನಿ ಸೀರಮ್,
ಒಂದು ಹನಿ ಹಾಲಿನಂಥ ದ್ರವ,
ಎರಡು ನಿಮಿಷ ತೊಟ್ಟಿಲ ಹಾಗೆ ತೂಗಬೇಕು.
ಮೊದಲ ನಿಮಿಷ ಏನಿಲ್ಲ, ಬರೀ ಮಂಜು.
ಆಮೇಲೆ ಕಪ್ಪಿನೊಳಗಿಂದ ಬಿಳಿ ನುಚ್ಚು
ಒಂದೊಂದಾಗಿ ಕೂಡಿಕೊಂಡಿತು, ಅಂಚಿಗೆ ಬಳ್ಳಿ ಕಟ್ಟಿತು.
ಎಷ್ಟು ಚೆಂದವಿತ್ತೆಂದರೆ, ಅಬ್ಬಾರ ಕೈಕೆಲಸದಷ್ಟು ಚೆಂದ,
ಒಂದು ಗಳಿಗೆ ಹೆದರಿಕೆಯೇ ಮರೆತುಹೋಯಿತು.
ದಫ್ತರಿನಲ್ಲಿ ಬರೆದೆ: ಪಾಸಿಟಿವ್.
ಸಹಿ ಮಾಡಿದೆ. ಕೈ ತೊಳೆದೆ.

ಈಗ ಪ್ರತಿ ಐತವಾರ ರಾತ್ರಿ ಹಳದಿ ಗುಳಿಗೆ,
ಕಾವಲಿನವರಿಗೆ ಜೋಂಪು ಹತ್ತಿಸುವಂಥದ್ದು.
ಕೆಮ್ಮುವವರಿಂದ ದೂರ ಇರಬೇಕಂತೆ.
ಅಬ್ಬಾ ಕೇಳಿದರು, ಸಿಟ್ಟಿಲ್ಲದೆ,
ಕೆಲಸ ಕಲಿಯಲು ಬಂದ ಹುಡುಗನ ಬಗ್ಗೆ ಕೇಳುವಂತೆ:
"ಅವಂಗ ಯಾರೂ ಹೇಳಿಲ್ಲೇನು, ಇದು ನಮ್ಮದೇ ಮನಿ ಅಂತ?"
ಹೇಳಿದ್ದರು ಅಬ್ಬಾ. ಅವನಿಗೆ ಕೇಳಿಸಿಲ್ಲ.

ಉಳಿ ಈಗ ತಮ್ಮ ಮುಜೀಬನ ಕೈಯಲ್ಲಿ.
ಮಣ್ಣು ಮಾತ್ರ ಇಂದಿಗೂ ಅಬ್ಬಾರೇ ನೋಡಬೇಕು;
ನಾಲಿಗೆಗೆ ಕೀಲಿಲ್ಲವಲ್ಲ.
ನಿನ್ನೆ ನನ್ನ ಅಂಗೈಗೂ ಒಂದು ಚಿಟಿಕೆ ಉದುರಿಸಿದರು.
ಬಾಯಿಗಿಟ್ಟೆ. ಉಪ್ಪು, ತುಕ್ಕು, ಹಳೇ ನೆರಳು.
"ಏನ್ ಅನಸ್ತದ?"
ಗೊತ್ತಾಗಲಿಲ್ಲ.
ಎಣಿಸಿ ಹೇಳುವುದಷ್ಟೇ ನನಗೆ ಬರುವುದು.